ಐವತ್ತೇಳು ಬಂದರೂ ಪಾಸಾಗದ ಕಥೆ

ಆ ದಿನ ಬೆಳಿಗ್ಗೆ ನಾನು ಮೂರು ಜನರಿಗೆ ಪುಕ್ಕಟೆ ಕ್ಷೌರ ಮಾಡಿದೆ. ನನ್ನ ಹೆಂಡತಿ ಕಾಲೇಜಿನ ಕೋರ್ಸ್ ಪಾಸಾದಳು ಎಂಬ ಸಂತೋಷಕ್ಕೆ. ಮೊದಲನೆಯವರು ನಿವೃತ್ತ ಅಂಚೆಯಣ್ಣ, ಎರಡನೆಯವರು ಎದುರುಗಡೆಯ ಬೇಕರಿಯವರು. ಮೂರನೆಯವರ ತಲೆಯಲ್ಲಿ ಕೂದಲೇ ಕಡಿಮೆ. ಆದರೂ ಬಿಡಲಿಲ್ಲ, ಕೂರಿಸಿ ಇದ್ದಷ್ಟನ್ನೇ ಒಪ್ಪವಾಗಿ ಕತ್ತರಿಸಿದೆ. ಸಂಜೆಯ ಹೊತ್ತಿಗೆ ಗೊತ್ತಾಯಿತು, ಅವಳು ಪಾಸಾಗಿರಲೇ ಇಲ್ಲ.

ಫೇಲೂ ಆಗಿರಲಿಲ್ಲ. ಅದೇ ನೋಡಿ ನಮ್ಮ ತಲೆ ಕೆಡಿಸಿದ್ದು. ಫೇಲಾದರೆ ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಕೂರಬಹುದು, ಮಾರನೇ ದಿನ ಎದ್ದು ಕೆಲಸ ನೋಡಬಹುದು. ಪಾಸೂ ಅಲ್ಲ, ಫೇಲೂ ಅಲ್ಲ ಅಂದರೆ ಯಾವ ಮುಖ ಮಾಡಿಕೊಳ್ಳಬೇಕು?

ನಮ್ಮ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಕ್ಷೌರದ ಅಂಗಡಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಅಡುಗೆಮನೆ, ಪಕ್ಕದಲ್ಲಿ ಒಂದು ಮಲಗುವ ಕೋಣೆ. ಇರುವವರು ನಾನು, ನನ್ನ ಹೆಂಡತಿ, ಅವಳ ತಾಯಿ, ಅಂದರೆ ನನ್ನ ಅತ್ತೆ. ಹೆಂಡತಿ ದೊಡ್ಡಾಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದಾಳೆ. ಅಲ್ಲಿ ದಿನವಿಡೀ ಬಿಸಿ ಆವಿ. ಎರಡು ವರ್ಷದಿಂದ ಅವಳಿಗೆ ಕೆಮ್ಮು ಹಿಡಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಔಷಧಿ ಬರೆದುಕೊಟ್ಟು, ‘ಮೊದಲು ಆ ಆವಿಯಿಂದ ಹೊರಗೆ ಬನ್ನಿ’ ಅಂದಿದ್ದರು.

ಹೊರಗೆ ಬರಲು ಒಂದೇ ಬಾಗಿಲಿತ್ತು. ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ಶುದ್ಧ ಮಾಡುವ ವಿಭಾಗದಲ್ಲಿ, ಒಂದು ಜಾಗ ಖಾಲಿಯಾಗಿತ್ತು. ಅಲ್ಲಿಯ ಯಂತ್ರಗಳು ಆವಿಯನ್ನು ತಮ್ಮ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತವೆ, ಮನುಷ್ಯರ ಮೂಗಿಗೆ ಬಿಡುವುದಿಲ್ಲ. ಆದರೆ ಆ ಕೆಲಸಕ್ಕೆ ಸೋಂಕು ತಡೆಯುವ ಬಗ್ಗೆ ಕಾಲೇಜಿನ ಒಂದು ಕೋರ್ಸ್ ಪಾಸಾದ ಪ್ರಮಾಣಪತ್ರ ಬೇಕು. ಈ ತಿಂಗಳ ಮೂವತ್ತರೊಳಗೆ ಅರ್ಜಿಯ ಜೊತೆ ಕೊಡಬೇಕು.

ಅದಕ್ಕೇ ಅವಳು ಆನ್‌ಲೈನ್ ಕೋರ್ಸಿಗೆ ಸೇರಿದ್ದು. ‘ಮನೆಯಲ್ಲೇ ಕುಳಿತು, ನಿಮ್ಮ ಬಿಡುವಿನಲ್ಲಿ, ನಿಮ್ಮ ವೇಗದಲ್ಲಿ ಓದಿ’ ಎಂದು ಬರೆದಿತ್ತು. ಮೇಷ್ಟರಿಲ್ಲ, ಗಂಟೆಯಿಲ್ಲ, ಹಾಜರಿಯಿಲ್ಲ. ಹನ್ನೆರಡು ಪಾಠ, ಒಂದೊಂದು ಪಾಠ ಮುಗಿದ ಮೇಲೆ ಐದು ಅಂಕದ ಚಿಕ್ಕ ಪರೀಕ್ಷೆ. ನನ್ನವಳು ಬಸ್ಸಿನಲ್ಲಿ ಓದಿದಳು, ಊಟದ ಬಿಡುವಿನಲ್ಲಿ ಓದಿದಳು, ಭಾನುವಾರ ಗಿರಾಕಿಗಳ ಮಧ್ಯೆ ಕೂತು ಓದಿದಳು. ಹನ್ನೆರಡೂ ಮುಗಿದ ದಿನ ಫೋನಿನ ಪರದೆಯ ಮೇಲೆ ಒಂದು ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಹಸಿರಾಯಿತು. ‘ಪೂರ್ಣ, ನೂರಕ್ಕೆ ನೂರು.’ ನಾನು ಕತ್ತರಿ ಕೈಗೆತ್ತಿಕೊಂಡೆ. ಮುಂದಿನದು ನಿಮಗೆ ಗೊತ್ತೇ ಇದೆ.

ಸಂಜೆ ಅವಳು ಬಂದವಳೇ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು.

“ಪಾಸಾಗಿಲ್ವಂತೆ ರೀ.”

“ಯಾರು?”

“ನಾನೇ.”

“ಹಾಗಂತ ಯಾರು ಹೇಳಿದ್ರು?”

“ಆಸ್ಪತ್ರೆ ಆಫೀಸಿನ ಗುಮಾಸ್ತೆ. ನಾನು ಫೋನಲ್ಲಿ ಹಸಿರು ಪಟ್ಟಿ ತೋರಿಸ್ದೆ. ‘ಪಾಠ ಮುಗಿದಿದೆ ಅಂತ ಇದೆ, ಪಾಸು ಅಂತ ಎಲ್ಲಿದೆಯಮ್ಮ?’ ಅಂದ್ರು. ಹುಡುಕ್ದೆ. ಎಲ್ಲೂ ಇರ್ಲಿಲ್ಲ. ಇನ್ನೊಂದು ಪುಟದಲ್ಲಿ ‘ಫಲಿತಾಂಶ: ಅಪೂರ್ಣ’ ಅಂತ ಇದೆ.”

“ಒಂದು ಪುಟದಲ್ಲಿ ಪೂರ್ಣ, ಇನ್ನೊಂದರಲ್ಲಿ ಅಪೂರ್ಣವಾ?”

“ಹೂಂ.”

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. “ಅದೇನೇ ಅದು, ಪೂರ್ಣ ಅಪೂರ್ಣ? ಅನ್ನ ಬೆಂದಿದೆಯೋ ಇಲ್ವೋ ಅಂತ ಕೇಳಿದ್ರೆ ಎರಡೂ ಹೌದು ಅಂದ ಹಾಗಾಯ್ತು.”

ಮೂವರೂ ಫೋನಿನ ಮೇಲೆ ಬಗ್ಗಿದೆವು. ನಾನು ಲೆಕ್ಕ ಶುರು ಮಾಡಿದೆ. ಲೆಕ್ಕದಲ್ಲಿ ನಾನು ಹುಷಾರಿ ಎಂದು ನನಗೆ ಮೊದಲಿನಿಂದಲೂ ಒಂದು ಭ್ರಮೆ.

“ಪಾಸಾಗೋಕೆ ಎಷ್ಟು ಬೇಕು?”

“ನೂರಕ್ಕೆ ಐವತ್ತು.”

“ನಿನಗೆ ಎಷ್ಟು ಬಂದಿದೆ?”

“ಐವತ್ತೇಳು. ಪಾಠದ ಪರೀಕ್ಷೆಗಳಿಗೆ ಅರವತ್ತು ಅಂಕ, ಅದರಲ್ಲಿ ಐವತ್ತೇಳು. ಕೊನೇ ಪರೀಕ್ಷೆಗೆ ಇನ್ನು ನಲವತ್ತು. ಅದನ್ನ ನಾನು ಬರ್ದಿಲ್ಲ.”

“ಐವತ್ತು ಬೇಕು, ಐವತ್ತೇಳು ಬಂದಿದೆ. ಪಾಸಾದ ಮೇಲೆ ಪರೀಕ್ಷೆ ಯಾಕೆ ಬರೀಬೇಕು?”

“ನೀವೇ ಅಲ್ವಾ ಹಾಗಂತ ಹೇಳಿದ್ದು? ‘ಹೆಚ್ಚು ಅಂಕ ಬೇಕಾದೋರು ಬರ್ಕೊಳ್ಲಿ, ನಮಗ್ಯಾಕೆ’ ಅಂತ.”

ಹೌದು, ನಾನೇ ಹೇಳಿದ್ದು. ಆದರೆ ಆ ಹೊತ್ತಿಗೆ ಅದನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. “ಇದು ಶುದ್ಧ ಮೋಸ!” ಎಂದು ಕೂಗಾಡಿದೆ. ಕಾಲೇಜಿಗೇ ಹೋಗಿ ಕೇಳುತ್ತೇನೆ ಎಂದೆ. ಕಾಲೇಜು ಎಲ್ಲಿದೆ ಎಂದು ಅತ್ತೆ ಕೇಳಿದರು. ಗೊತ್ತಿರಲಿಲ್ಲ. ಫೋನಿನೊಳಗೆ ಎಂದೆ. ಅವರು ಸೌಟು ತೆಗೆದುಕೊಂಡು ಒಳಗೆ ಹೋದರು.

ಹೆಂಡತಿ ಮಾತ್ರ ಕೂಗಾಡಲಿಲ್ಲ. “ನನ್ನದೇ ತಪ್ಪು ರೀ” ಅಂದಳು. “ನಮ್ಮ ವಿಭಾಗದಲ್ಲಿ ಹಸಿರು ಪಟ್ಟಿ ಕಟ್ಟಿದ ಬಟ್ಟೆಗಂಟನ್ನ ಮತ್ತೆ ಯಾರೂ ಬಿಚ್ಚಲ್ಲ. ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ, ಕೊನೇಲಿ ನೋಡೋರು ನೋಡಿ ಆದ್ಮೇಲೇನೇ ಹಸಿರು. ಹದಿನಾಲ್ಕು ವರ್ಷದಿಂದ ಆ ಪಟ್ಟಿ ಕಟ್ತಾ ಇರೋಳು ನಾನು. ಫೋನಲ್ಲಿ ಹಸಿರು ಕಂಡ ತಕ್ಷಣ ಕೈತೊಳ್ಕೊಂಡ್ಬಿಟ್ಟೆ. ಯಾರು ನೋಡಿ ಕಟ್ಟಿದ್ರು ಅಂತ ಕೇಳ್ಲೇ ಇಲ್ಲ.”

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ನಾನು ಕೂಗಾಟ ಬಿಟ್ಟು ನೀರು ತಂದುಕೊಟ್ಟೆ.

ಮರುದಿನ ಅವಳಿಗೆ ವಾರದ ರಜೆ. ಅಂಗಡಿ ಮುಚ್ಚಿ ಇಬ್ಬರೂ ಬೀದಿಯ ಕೊನೆಯ ಗ್ರಂಥಾಲಯಕ್ಕೆ ಹೋದೆವು. ಅಲ್ಲಿಯ ಗ್ರಂಥಪಾಲಕಿಗೆ ನಮ್ಮ ಬೀದಿಯವರು ಇಟ್ಟ ಹೆಸರು ‘ಕನ್ನಡಕದಕ್ಕ’. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ, ಮೂರನೆಯದನ್ನು ಯಾವಾಗಲೂ ಹುಡುಕುತ್ತಿರುತ್ತಾರೆ. ಕೆಲಸಕ್ಕೆ ಹೋಗುತ್ತಲೇ ಆನ್‌ಲೈನ್‌ನಲ್ಲಿ ಓದುವ ಎಷ್ಟೋ ಜನ ಅವರ ಮೇಜಿನ ಮುಂದೆ ಕೂತು ಹೋಗಿದ್ದಾರೆ.

ನಾವು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಎಲ್ಲ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಕೋರ್ಸಿನ ನಿಯಮಗಳ ಪುಟ ಓದಿದ್ರಾ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಕೋರ್ಸಿಗೆ ಸೇರಿಸಿದ ದಿನ ಆ ಪುಟ ಬಂದಿತ್ತು. ‘ಓದಿದ್ದೇನೆ, ಒಪ್ಪಿದ್ದೇನೆ’ ಎಂಬಲ್ಲಿ ಬೆರಳು ಒತ್ತಿದವನು ನಾನೇ. ಓದಿಯೂ ಇರಲಿಲ್ಲ, ಒಪ್ಪುವುದು ಏನನ್ನು ಎಂದೂ ತಿಳಿದಿರಲಿಲ್ಲ.

ಕನ್ನಡಕದಕ್ಕ ಆ ಪುಟ ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. “‘ಉತ್ತೀರ್ಣರಾಗಲು ಒಟ್ಟು ನೂರಕ್ಕೆ ಐವತ್ತು ಅಂಕ ಬೇಕು. ಜೊತೆಗೆ ಅಂತಿಮ ಪರೀಕ್ಷೆಯಲ್ಲಿ ನಲವತ್ತಕ್ಕೆ ಇಪ್ಪತ್ತು ಅಂಕ ಪ್ರತ್ಯೇಕವಾಗಿ ಬರಲೇಬೇಕು.’ ಕೇಳಿಸ್ತಾ? ಎರಡು ಷರತ್ತು. ಒಂದು ದಾಟಿದ್ದೀರಿ, ಇನ್ನೊಂದು ಬಾಕಿ ಇದೆ.”

“ಹಾಗಾದ್ರೆ ಆ ಐವತ್ತೇಳು ಎಲ್ಲಿ ಹೋಯ್ತು?” ನಾನು ಕೇಳಿದೆ.

“ಎಲ್ಲೂ ಹೋಗಿಲ್ಲ. ಅಲ್ಲೇ ಇದೆ.”

“ಇದ್ರೆ ಪಾಸು ಅನ್ಬೇಕು ತಾನೆ?”

“ಕೇಳಿ ಇಲ್ಲಿ. ಇವರು ಕೊನೇ ಪರೀಕ್ಷೇಲಿ ಇಪ್ಪತ್ತು ತೆಗೆದ್ರೆ ಒಟ್ಟು ಎಪ್ಪತ್ತೇಳು, ಪಾಸು. ಹದಿನೆಂಟು ತೆಗೆದ್ರೆ ಒಟ್ಟು ಎಪ್ಪತ್ತೈದು.”

“ಅದೂ ಪಾಸು.”

“ಅಲ್ಲ, ಫೇಲು.”

“ಎಪ್ಪತ್ತೈದು ಬಂದ್ರೂ ಫೇಲಾ! ನಮ್ಮ ಕಾಲದಲ್ಲಿ ಎಪ್ಪತ್ತೈದು ಬಂದವನನ್ನ ಮೆರವಣಿಗೆ ಮಾಡ್ತಿದ್ರು ಮೇಡಂ.”

ನಾನು ಎದ್ದು ಒಂದು ಲೋಟ ನೀರು ಕುಡಿದು ಬಂದೆ. ಬಂದಾಗಲೂ ಎಪ್ಪತ್ತೈದು ಫೇಲಾಗಿಯೇ ಇತ್ತು.

ಆಗ ಹೆಂಡತಿ ಬಾಯಿ ಬಿಟ್ಟಳು. “ರೀ, ಇದು ನಮ್ಮ ದೀಪದ ಮೇಜಿನ ಹಾಗೆ.” ಅವರ ವಿಭಾಗದ ಕೊನೆಯಲ್ಲಿ ಒಂದು ಮೇಜಿದೆಯಂತೆ, ಅದರ ಮೇಲೊಂದು ದೊಡ್ಡ ದೀಪ. ಪ್ರತಿಯೊಂದು ಹಾಸುಬಟ್ಟೆಯನ್ನೂ ಅಲ್ಲಿ ಬೆಳಕಿಗೆ ಹಿಡಿದು ನೋಡುತ್ತಾರೆ. “ತೊಳೆದದ್ದು ಚೆನ್ನಾಗಿರ್ಲಿ, ಇಸ್ತ್ರಿ ಎಷ್ಟೇ ಗರಿಗರಿ ಇರ್ಲಿ, ಆ ಮೇಜಿನ ಮೇಲೆ ಒಂದು ಕಲೆ ಕಂಡ್ರೆ ಬಟ್ಟೆ ವಾರ್ಡಿಗೆ ಹೋಗಲ್ಲ. ‘ಇಸ್ತ್ರಿ ಚೆನ್ನಾಗಿದೆಯಲ್ಲ, ಬಿಟ್ಬಿಡಿ’ ಅಂತ ನಾನು ಯಾವತ್ತೂ ಬಿಟ್ಟಿಲ್ಲ. ರೋಗಿ ಮಲಗೋ ಬಟ್ಟೆ ಅದು. ಕೊನೇ ಪರೀಕ್ಷೆ ಅಂದ್ರೆ ಆ ಮೇಜು.”

“ಸರಿಯಾಗಿ ಹೇಳಿದ್ರಿ” ಎಂದರು ಕನ್ನಡಕದಕ್ಕ. “ಪಾಠದ ಪರೀಕ್ಷೆಗಳನ್ನ ಮನೇಲಿ ಬರೀತೀರಿ. ಬರೆದವರು ನೀವೇನಾ, ಪುಸ್ತಕ ನೋಡಿ ಬರೆದ್ರಾ, ಕಾಲೇಜಿಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಕೊನೇ ಪರೀಕ್ಷೆಗೆ ಇಷ್ಟು ತೂಕ. ಗುರುತಿನ ಚೀಟಿ ತೋರಿಸ್ಬೇಕು, ಕ್ಯಾಮೆರಾ ಮುಂದೆ ಕೂತು ಬರೀಬೇಕು, ಪುಸ್ತಕ ಇಲ್ಲ. ಆದ್ರೆ ಎಲ್ಲಾ ಕೋರ್ಸೂ ಒಂದೇ ಥರ ಅಂತಲ್ಲ. ಕೆಲವದರಲ್ಲಿ ಪ್ರತ್ಯೇಕ ಇಪ್ಪತ್ತರ ಷರತ್ತು ಇರಲ್ಲ, ಕೆಲವದರಲ್ಲಿ ಪರೀಕ್ಷೆ ಬದಲು ಬೇರೆ ಏನೋ ಕೆಲಸ ಕೊಡ್ತಾರೆ. ಅವರವರ ಕೋರ್ಸಿನ ನಿಯಮ ಅವರವರೇ ಓದ್ಕೋಬೇಕು.”

“ಬಿಡುವಾದಾಗ ಬರೆದ್ರಾಯ್ತಲ್ಲ ಹಾಗಾದ್ರೆ. ‘ನಿಮ್ಮ ವೇಗದಲ್ಲಿ’ ಅಂತ ಅವರೇ ಬರೆದಿದ್ದಾರೆ” ಎಂದೆ ನಾನು.

ಅವರು ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿ, ಮೂಗಿನದನ್ನು ತಲೆಗೆ ಏರಿಸಿ, ಇನ್ನೆರಡು ಸಾಲು ಓದಿದರು. ಓದುವುದು ನಮ್ಮ ವೇಗದಲ್ಲಿ, ನಿಜ. ಆದರೆ ಕೋರ್ಸ್ ಮುಚ್ಚುವುದು ಸೇರಿದ ದಿನದಿಂದ ಸರಿಯಾಗಿ ಆರು ತಿಂಗಳಿಗೆ, ಅಂದರೆ ಈ ತಿಂಗಳ ಇಪ್ಪತ್ತನಾಲ್ಕಕ್ಕೆ. ಪರೀಕ್ಷೆಯ ದಿನವನ್ನು ಹತ್ತು ದಿನ ಮುಂಚೆಯೇ ಕಾಯ್ದಿರಿಸಬೇಕು. ಫಲಿತಾಂಶಕ್ಕೆ ಒಂದು ವಾರ. ಅವತ್ತು ತಾರೀಖು ನಾಲ್ಕು.

ಇನ್ನು ಹತ್ತು ದಿನ ಮನೆಯಲ್ಲೇ ಕೂತು ಕಾಲೇಜಿಗೆ ಬೈಯುತ್ತಿದ್ದರೆ ಆ ಬಾಗಿಲೂ ಮುಚ್ಚಿಹೋಗುತ್ತಿತ್ತು. ಪರೀಕ್ಷೆಗೆ ಖಾಲಿ ಇದ್ದದ್ದು ಒಂದೇ ದಿನ, ಹದಿನೇಳನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ. ಅದರಲ್ಲಿ ತಪ್ಪಿದರೆ ಮತ್ತೆ ಬರೆಯಲು ಅವಕಾಶವೇನೋ ಇತ್ತು, ಆದರೆ ಇಪ್ಪತ್ತನಾಲ್ಕರೊಳಗೆ ದಿನ ಇರಲಿಲ್ಲ. ಮೊದಲನೇ ಪಾಠದಿಂದ ಎಲ್ಲ ಹೊಸದಾಗಿ ಶುರು, ಮೇಲಿನ ಮಹಡಿಯ ಕೆಲಸ ಇನ್ನೊಬ್ಬರ ಪಾಲು.

ದಿನ ಕಾಯ್ದಿರಿಸುವಾಗ ಇನ್ನೊಂದು ಎಡವಟ್ಟು ಹೊರಬಿತ್ತು. ಅರ್ಜಿ ತುಂಬಿದ್ದೂ ನಾನೇ ತಾನೆ? ಅವಳ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಬರೆದಿದ್ದೆ. ಗುರುತಿನ ಚೀಟಿಯಲ್ಲಿ ಬೇರೆ ಹೆಸರು. ಕನ್ನಡಕದಕ್ಕ ಕಾಲೇಜಿಗೆ ಅವತ್ತೇ ಇಮೇಲ್ ಹಾಕಿಸಿ ಸರಿಮಾಡಿಸಿದರು. ಹೆಂಡತಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಹೊರಡುವಾಗ ಅವರು ಒಂದು ಕಟ್ಟು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟರು. “ಪುಸ್ತಕ ಮುಚ್ಚಿಟ್ಟು, ಗಡಿಯಾರ ಇಟ್ಕೊಂಡು, ಒಂದೊಂದನ್ನೂ ಒಂದೇ ಸಲಕ್ಕೆ ಬರೀರಿ.”

ಮಧ್ಯಾಹ್ನ ಮೊದಲನೆಯದನ್ನು ಹಾಗೇ ಬರೆದಳು. ಬಂದದ್ದು ನಲವತ್ತಕ್ಕೆ ಹದಿಮೂರು.

ಐವತ್ತೇಳು ತೆಗೆದವಳಿಗೆ ಹದಿಮೂರು ಹೇಗೆ ಬಂತು? ಅದಕ್ಕೂ ಅವಳೇ ಉತ್ತರ ಹೇಳಿದಳು. ಪಾಠದ ಪರೀಕ್ಷೆಗಳನ್ನು ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು. ತಪ್ಪಾದರೆ ಪಾಠ ತೆರೆದು ನೋಡಿ ಮತ್ತೆ ಒತ್ತುತ್ತಿದ್ದಳು. “ಸರಿ ಉತ್ತರ ಯಾವುದು ಅಂತ ಹುಡುಕೋಕೆ ಬರುತ್ತೆ ನನಗೆ. ಉತ್ತರ ಮಾತ್ರ ಬರಲ್ಲ” ಎಂದು ಹೇಳಿ ಅತ್ತುಬಿಟ್ಟಳು. “ನನ್ನ ಕೈಲಿ ಆಗಲ್ಲ ರೀ. ಆವಿಯಲ್ಲೇ ಇದ್ಬಿಡ್ತೀನಿ.”

ಅತ್ತೆ ಅವಳ ಪಕ್ಕ ಕೂತರು. “ನನಗೆ ಈ ಅರವತ್ತು ನಲವತ್ತು ಒಂದೂ ಅರ್ಥ ಆಗಿಲ್ಲ ಕಣೇ. ನಿನ್ನ ಕೆಮ್ಮು ಮಾತ್ರ ಅರ್ಥ ಆಗುತ್ತೆ. ಇನ್ನೂ ಹದಿಮೂರು ದಿನ ಇದೆ. ಆ ಕಾಗದ ಇಲ್ಲಿ ಕೊಡು, ನಾನು ಕೇಳ್ತೀನಿ, ನೀನು ಹೇಳು.”

ಅಂದಿನಿಂದ ನಮ್ಮ ಮನೆಯೇ ಶಾಲೆಯಾಯಿತು. ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಓದುತ್ತಿದ್ದರು. ಅವರು ಪ್ರಶ್ನೆ ಮುಗಿಸುವಷ್ಟರಲ್ಲಿ ಇವಳಿಗೆ ಎರಡು ಉತ್ತರ ಹೊಳೆದಿರುತ್ತಿತ್ತು. ಸಂಜೆ ಅಂಗಡಿಯಲ್ಲಿ ನನ್ನ ಸರದಿ. ಪ್ರಶ್ನೆಯ ಕಾಗದ ನನ್ನ ಕೈಯಲ್ಲಿ, ಗಿರಾಕಿಯ ಗಲ್ಲದ ಮೇಲೆ ನೊರೆ.

“ಉಪಕರಣ ಶುದ್ಧ ಮಾಡೋ ಕ್ರಮ ಹೇಳು.”

“ಮೊದಲು ಉಜ್ಜಿ ತೊಳೀಬೇಕು. ಕೊಳೆ ಇದ್ದ ಹಾಗೇ ಔಷಧಿ ನೀರಿಗೆ ಹಾಕಿದ್ರೆ ಔಷಧಿ ಒಳಗೆ ಇಳಿಯಲ್ಲ. ಆಮೇಲೆ ಪೂರ್ತಿ ಮುಳುಗಿಸಿ, ಹೇಳಿದಷ್ಟು ಹೊತ್ತು ಇಡ್ಬೇಕು.” ಅವಳ ಕಣ್ಣು ನನ್ನ ಬಾಚಣಿಗೆಗಳ ಜಾಡಿಯ ಮೇಲೆ ಬಿತ್ತು. “ರೀ, ಇದರಲ್ಲಿ ಅರ್ಧ ಬಾಚಣಿಗೆ ನೀರಿನ ಹೊರಗಿದೆಯಲ್ಲ! ಮೇಲೆ ಕೂದಲು ಬೇರೆ! ನೀವಂತೂ ಫೇಲು.”

ನೊರೆಯ ಗಿರಾಕಿ ಕುರ್ಚಿಯಿಂದ ಅರ್ಧ ಎದ್ದರು. ಅವತ್ತೇ ಉದ್ದನೆಯ ಹೊಸ ಜಾಡಿ ತಂದೆ.

ದಿನ ಬಿಟ್ಟು ದಿನ ಪುಸ್ತಕ ಮುಚ್ಚಿ ಒಂದು ಮಾದರಿ ಪತ್ರಿಕೆ ಬರೆದಳು. ಹದಿಮೂರು ಇದ್ದದ್ದು ಹದಿನೇಳಾಯಿತು, ಮತ್ತೆ ಹದಿನಾರಕ್ಕೆ ಇಳಿಯಿತು. ಹದಿನೈದನೇ ತಾರೀಖು ಇಪ್ಪತ್ತೆರಡು ಬಂತು. ಇಪ್ಪತ್ತೆರಡು ಒಳ್ಳೆಯದೋ ಕೆಟ್ಟದೋ ನನಗೆ ಥಟ್ಟನೆ ಹೊಳೆಯಲಿಲ್ಲ. ಅವಳು ನಕ್ಕಳು, ಆದ್ದರಿಂದ ನಾನೂ ನಕ್ಕೆ.

ಹದಿನೇಳರಂದು ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಕ್ಯಾಮೆರಾದ ಆಚೆ ಎಲ್ಲೋ ಇರುವ ಮೇಲ್ವಿಚಾರಕರು ಗುರುತಿನ ಚೀಟಿ ನೋಡಿದರು, ಮೇಜಿನ ಅಡಿ ತೋರಿಸಿ ಎಂದರು, ಗೋಡೆ ತೋರಿಸಿ ಎಂದರು. ಒಳಗೆ ಬೇರೆ ಯಾರೂ ಇರುವಂತಿಲ್ಲ, ಮಾತು ಕೇಳಿಸುವಂತಿಲ್ಲ. ನಾನೂ ಅತ್ತೆಯೂ ಹೊರಗಿನ ಬೆಂಚಿನ ಮೇಲೆ. ಎರಡು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಕ್ಷೌರದವನಿಗೆ ಎಂಥ ಶಿಕ್ಷೆ ಎಂದು ನಿಮಗೆ ಹೇಗೆ ತಿಳಿಯಬೇಕು! ಒಳಗಿನಿಂದ ಒಮ್ಮೆ ಅವಳ ಕೆಮ್ಮು ಕೇಳಿಸಿತು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಹೊರಗೆ ಬಂದಾಗ, “ಹೇಗಾಯ್ತು?” ಎಂದೆ.

“ಗೊತ್ತಿಲ್ಲ. ಆದ್ರೆ ಈ ಸಲ ಯಾವುದನ್ನೂ ಹುಡುಕ್ಲಿಲ್ಲ.”

ಇಪ್ಪತ್ಮೂರನೇ ತಾರೀಖು ಫಲಿತಾಂಶ ಬಂತು. ಅಂತಿಮ ಪರೀಕ್ಷೆಯಲ್ಲಿ ನಲವತ್ತಕ್ಕೆ ಇಪ್ಪತ್ತೇಳು. ಒಟ್ಟು ಎಂಬತ್ತನಾಲ್ಕು.

“ಪಾಸು ರೀ!”

“ಇರು, ಇರು. ಇದು ಯಾವ ಪುಟ? ಪಾಠ ಮುಗಿದಿರೋದಾ, ಪಾಸಾಗಿರೋದಾ?”

“‘ಉತ್ತೀರ್ಣ’ ಅಂತ ಬರ್ದಿದೆ, ನೋಡಿ.”

“ಇನ್ನೊಂದು ಪುಟದಲ್ಲಿ?”

“ಅಲ್ಲೂ ಉತ್ತೀರ್ಣ.”

ಆದರೂ ನಾನು ಯಾರಿಗೂ ಹೇಳಲಿಲ್ಲ. ಪ್ರಮಾಣಪತ್ರ ಮುದ್ರಿಸಿಕೊಂಡು ಇಬ್ಬರೂ ಆಸ್ಪತ್ರೆಯ ಆಫೀಸಿಗೆ ಹೋದೆವು. ಗುಮಾಸ್ತೆ ಹೆಸರು ನೋಡಿದರು, ಗುರುತಿನ ಚೀಟಿ ನೋಡಿದರು, ಅರ್ಜಿಗೆ ಸೇರಿಸಿ ಮೊಹರು ಒತ್ತಿದರು. “ಈಗ ಪಾಸು ತಾನೆ ಮೇಡಂ?” ಎಂದು ಮೂರು ಸಲ ಕೇಳಿದೆ. ಮೂರನೇ ಸಲಕ್ಕೆ ಅವರು, “ಇವರು ಪಾಸು, ನೀವು ಆಚೆ ನಡೀರಿ” ಎಂದರು.

ಮುಂದಿನ ತಿಂಗಳು ಅವಳು ಮೇಲಿನ ಮಹಡಿಗೆ ಹೋದಳು. ಅಲ್ಲಿ ಮೊದಲ ತಿಂಗಳು ಮುಗಿಸಿ ಬಂದವಳು ನನ್ನ ಬಾಚಣಿಗೆಗಳನ್ನು ಒಂದೊಂದಾಗಿ ಕನ್ನಡಿಯ ದೀಪಕ್ಕೆ ಹಿಡಿದು ನೋಡಿದಳು. ಎಲ್ಲ ನೋಡಿ ಮುಗಿದ ಮೇಲೆ, ಚೀಲದಿಂದ ಹಳೆಯ ವಿಭಾಗದ ಒಂದು ತುಂಡು ಹಸಿರು ಪಟ್ಟಿ ತೆಗೆದು ಜಾಡಿಯ ಕತ್ತಿಗೆ ಕಟ್ಟಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಉದ್ದಕ್ಕೆ ಒಂದು ಉಸಿರು ಎಳೆದು ಬಿಟ್ಟಳು. ಕೆಮ್ಮು ಬರುತ್ತದೆ ಎಂದು ನಾನೂ ಅತ್ತೆಯೂ ಕಾದೆವು. ಬರಲಿಲ್ಲ.

ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅವರ ಮನೆಯವರೇ, ಈ ಲೆಕ್ಕ ನನಗೆ ಇವತ್ತಿಗೂ ಪೂರ್ತಿ ತಲೆಗೆ ಹತ್ತಿಲ್ಲ. ಎಪ್ಪತ್ತೈದು ಫೇಲು ಎಂಬುದನ್ನು ನೆನೆದರೆ ಈಗಲೂ ಕಣ್ಣು ಕತ್ತಲೆ ಬರುತ್ತದೆ. ಆದರೆ ನಿಮಗೆ ಇಷ್ಟಂತೂ ಹೇಳಬಲ್ಲೆ. ಪಾಠ ಮುಗಿದದ್ದೇ ಪಾಸಾದದ್ದು ಎಂದು ತಿಳಿಯಬೇಡಿ. ಇವತ್ತೇ ನಿಮ್ಮ ಕೋರ್ಸಿನ ನಿಯಮಗಳ ಪುಟ ತೆರೆಯಿರಿ. ಕೊನೆಯ ಪರೀಕ್ಷೆ ಇದೆಯೇ, ಅದರಲ್ಲಿ ಪ್ರತ್ಯೇಕವಾಗಿ ಎಷ್ಟು ಬರಬೇಕು, ದಿನವನ್ನು ಯಾವಾಗ ಕಾಯ್ದಿರಿಸಬೇಕು, ಕೋರ್ಸ್ ಯಾವತ್ತು ಮುಚ್ಚುತ್ತದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿ. ಅರ್ಥವಾಗದಿದ್ದರೆ ನಾಚಿಕೆಪಡದೆ ತಿಳಿದವರನ್ನು ಕೇಳಿ. ವಾರಕ್ಕೊಮ್ಮೆಯಾದರೂ ಪುಸ್ತಕ ಮುಚ್ಚಿಟ್ಟು ಬರೆದು ನೋಡಿ. ಅರ್ಜಿಯಲ್ಲಿ ಗುರುತಿನ ಚೀಟಿಯ ಹೆಸರನ್ನೇ ಬರೆಯಿರಿ, ಗಂಡನ ಕೈಗೆ ಮಾತ್ರ ಕೊಡಬೇಡಿ.

‘ಉತ್ತೀರ್ಣ’ ಎಂಬ ಪದವನ್ನು ನಿಮ್ಮ ಕಣ್ಣಾರೆ ನೋಡುವವರೆಗೂ ಯಾರಿಗೂ ಪುಕ್ಕಟೆ ಕ್ಷೌರ ಮಾಡಲು ಹೋಗಬೇಡಿ. ನೋಡಿದ ದಿನ ನಮ್ಮ ಅಂಗಡಿಗೆ ಬನ್ನಿ, ನಿಮ್ಮದು ಪುಕ್ಕಟೆ.